ಹಲಗೆಯ ಆಚೆ

ಕೋಣೆ ಒಂದೇ, ಕಿಟಕಿಯೂ ಒಂದೇ. ಆ ಕಿಟಕಿಯ ಬೆಳಕು ಅಪ್ಪನಿಗೆ ಬೇಕು, ಮಗಳಿಗೆ ಬೇಡ. ಅಪ್ಪ ಹಗಲೆಲ್ಲ ಕೂತು ಹರಿದ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಾನೆ. ಮಗಳು ಬೇಕರಿಯಲ್ಲಿ ರಾತ್ರಿಯಿಡೀ ಹಿಟ್ಟು ನಾದಿ, ಊರು ಏಳುವ ಹೊತ್ತಿಗೆ ಬಂದು ಮಲಗುತ್ತಾಳೆ. ಮಲಗುತ್ತಾಳೆ ಅನ್ನುವುದು ಮಾತಿಗೆ. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆಲ್ಲ ಬಿಸಿಲು. ಈಚೆಗೆ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಮುಂಗೈ ಸುಟ್ಟುಕೊಂಡಿದ್ದಳು. ಇನ್ನೊಮ್ಮೆ ಹೀಗಾದರೆ ಕೆಲಸ ಬಿಡು ಎಂದಿದ್ದ ಮಾಲೀಕ.

ಅದಕ್ಕೇ ಕೋಣೆಯನ್ನು ಎರಡು ಮಾಡಬೇಕೆಂದು ಹೊರಟಳು. ಬೀರುವನ್ನು ಅಡ್ಡ ನಿಲ್ಲಿಸೋಣವೆಂದರೆ ಅದರ ಬಾಗಿಲು ತೆರೆಯಲು ಜಾಗವಿರಲಿಲ್ಲ. ಹಳೆ ಸಾಮಾನಿನ ಅಂಗಡಿಯಿಂದ ಮಡಚುವ ತಡಿಕೆ ತಂದು ತೋರಿಸಿದಳು, ಕ್ಯಾನ್ವಾಸು ಬಿಗಿದದ್ದು. ಅಪ್ಪ ಅದನ್ನು ಬೆರಳಿನಿಂದ ಒಮ್ಮೆ ಮೀಟಿ ಬೇಡವೆಂದು ತಲೆ ಅಲ್ಲಾಡಿಸಿದ. ಕೊನೆಗೆ ಗೋಡೆಯಿಂದ ಗೋಡೆಗಿದ್ದ ಕಬ್ಬಿಣದ ಕಂಬಿ ಅವಳ ಕಣ್ಣಿಗೆ ಬಿತ್ತು. ಅಮ್ಮ ಕಾಯಿಲೆ ಬಿದ್ದಾಗ ಅದರಲ್ಲಿ ಪರದೆ ಇತ್ತು. ಅಮ್ಮ ಹೋದ ಮೇಲೆ ಪರದೆಯೂ ಹೋಗಿತ್ತು, ಕಂಬಿ ಉಳಿದಿತ್ತು.

ನೋಡಲು ಬಂದಿದ್ದ ಅತ್ತೆ ನಕ್ಕಳು. “ಗೋಡೆಗೂ ಕಿವಿ ಇರುತ್ತಂತೆ ಕಣೇ. ನಮ್ಮಣ್ಣನಿಗಂತೂ ಇಲ್ಲ. ಒಂದು ಗೋಡೆನೇ ಕಟ್ಟಿಸು, ಅದಕ್ಕಾದ್ರೂ ಇರಲಿ.”

ಅಪ್ಪನ ಕಿವಿಯನ್ನು ಮಗ್ಗದ ಕಾರ್ಖಾನೆ ದಿನಕ್ಕಿಷ್ಟು ಎಂಬಂತೆ ತಿಂದುಹಾಕಿತ್ತು. ಈಗ ಅವನು ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಾನೆ. ಹಿಂದಿನಿಂದ ಕರೆಯಬೇಕಾದರೆ ಮರದ ನೆಲವನ್ನು ಕಾಲಿನಿಂದ ಒದೆಯಬೇಕು. ಅದು ಈ ಮನೆಯ ಅಭ್ಯಾಸ.

ಮಗಳು ದಪ್ಪ ಕಂದು ಪರದೆ ತಂದು ಕಂಬಿಗೆ ಹಾಕಿದಳು. ಆದರೆ ಅವಳಿಗೆ ಎಚ್ಚರವಾದಾಗ ಪರದೆ ಸರಿದಿತ್ತು, ಮುಖದ ಮೇಲೆ ಬಿಸಿಲಿತ್ತು. ಮರುದಿನವೂ ಅಷ್ಟೇ. ಆಮೇಲೆ ಅವಳು ಪರದೆಯ ಅಂಚನ್ನು ಗೋಡೆಗೆ ಮೊಳೆ ಹೊಡೆದು ಬಿಗಿದು ಮಲಗಿದಳು. ಕಣ್ಣು ತೆರೆದರೆ ಅಪ್ಪ ಈಚೆಗೇ ಬಂದಿದ್ದ. ಅವಳ ಮಂಚದ ಪಕ್ಕ, ಆ ಅರೆಗತ್ತಲಲ್ಲಿ, ಬೆತ್ತದ ತೂತನ್ನು ಬೆರಳಿನಿಂದ ತಡಕುತ್ತ ಕೂತಿದ್ದ.

ಅವಳಿಗೆ ರೇಗಿತು. ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ, ತುಟಿ ಕಾಣುವಂತೆ ಕೇಳಿದಳು: “ನಂಗೊಂದು ಮೂಲೆ ಬಿಟ್ಕೊಡೋಕೂ ಮನಸ್ಸು ಬರಲ್ವಾ ಅಪ್ಪಾ ನಿಂಗೆ?”

ಅಪ್ಪ ಕೈಯಲ್ಲಿದ್ದ ಬೆತ್ತವನ್ನು ಕೆಳಗಿಟ್ಟ.

“ನಿಮ್ಮಮ್ಮ ಕೂಗಿದ್ದು ಕೆಳಗಿನ ಮನೆಯವರಿಗೆ ಕೇಳಿಸ್ತು. ಮೆಟ್ಲು ಹತ್ತಿ ಬಂದ್ರು. ನಾನು ಪರದೆ ಪಕ್ಕದಲ್ಲೇ ಇದ್ದೆ.”

ತನ್ನ ದನಿಯ ಅಳತೆ ಅವನಿಗೆ ತಿಳಿಯದು. ಈ ಮಾತೂ ಕೆಳಗಿನ ಮನೆಗೆ ಕೇಳಿಸಿರಬೇಕು.

ಅಮ್ಮ ಕೂಗಿದ ಆ ರಾತ್ರಿ ಮಗಳು ಬೇಕರಿಯಲ್ಲಿದ್ದಳು. ಅಮ್ಮ ಹೋದಳೆಂದು ತಿಳಿಸಿದವರು ಅಪ್ಪ ಎಲ್ಲಿ ಕೂತಿದ್ದನೆಂದು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಕಿವಿ ಇದ್ದವರಿಗೆ ಪರದೆ ಅರ್ಧ ಗೋಡೆ. ಅಪ್ಪನಿಗೆ ಅದು ಕೋಟೆಗೋಡೆಗಿಂತ ದಪ್ಪ. ಇಷ್ಟು ವರ್ಷ ಜೊತೆಗಿದ್ದೂ ಇದು ತನಗೆ ಹೊಳೆಯಲಿಲ್ಲವಲ್ಲ ಎನ್ನಿಸಿತು. ಎದ್ದು ಮೊಳೆ ಕಿತ್ತಳು. ಕಂಬಿಯನ್ನೂ ಕಿತ್ತಳು. ಕೆಲಸ ಹೋದರೆ ಹೋಗಲಿ ಎಂದಳು.

“ಬಟ್ಟೆ ಬೇಡ ಅಂದೆ. ಮರೆನೇ ಬೇಡ ಅಂದ್ನಾ?” ಎಂದು ಅಪ್ಪ ಚಪ್ಪಲಿ ಮೆಟ್ಟಿಕೊಂಡ.

ಮರದಂಗಡಿಯವನು ಒಳಗೆ ಸ್ಪಂಜು ತುಂಬಿದ ಹಲಗೆಯೊಂದನ್ನು ಎತ್ತಿ ಹಿಡಿದು, ಇದರಲ್ಲಿ ಒಂದು ಚೂರೂ ಸದ್ದು ದಾಟುವುದಿಲ್ಲ ಎಂದು ಹೊಗಳಿದ. ಮಗಳು ಬೇಡವೆಂದಳು. ಸದ್ದು ದಾಟುವ ಹಲಗೆ ಕೇಳುವ ಗಿರಾಕಿ ನೀವೇ ಮೊದಲು ಎಂದು ಅವನು ಗೊಣಗಿದ. ಅವಳು ಒಂದೊಂದೇ ಹಲಗೆಯ ತುದಿಯನ್ನು ಗೆಣ್ಣಿನಿಂದ ಬಡಿಯುತ್ತ ಹೋದಳು. ಇನ್ನೊಂದು ತುದಿಯಲ್ಲಿ ಅಪ್ಪ ಅಂಗೈ ಊರಿ, ಕಣ್ಣು ಮುಚ್ಚಿ ನಿಂತಿದ್ದ. ಒಂದು ಹಲಗೆಯ ಬಳಿ ಅವನ ಕಣ್ಣು ತೆರೆಯಿತು.

ಹಲಗೆಗಳು ನೆಲದಿಂದ ಮಾಡಿನವರೆಗೆ ನಿಂತವು. ಮಲಗುವ ಮುಂಚೆ ಒಂದು ಬಡಿತ, ಅದಕ್ಕೆ ಆಚೆಯಿಂದ ಒಂದು ಬಡಿತ ಎಂದು ಮಾತಾಯಿತು. ಮೊದಲ ದಿನವೇ ಎಡವಟ್ಟು. ಅವಳು ಗಾಢ ನಿದ್ದೆಯಲ್ಲಿದ್ದಾಗ ಅಪ್ಪ ಬಡಿದ. ಉತ್ತರ ಬರದೆ ಮತ್ತೆ ಬಡಿದ, ಗಾಬರಿಯಾಗಿ ಸುತ್ತಿಗೆಯಲ್ಲೇ ಬಡಿದ. ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ಅವರ ಮುಖ ನೋಡಿದ ಅಪ್ಪ ಸುತ್ತಿಗೆ ಬಿಟ್ಟು ಅಲ್ಲೇ ನೆಲಕ್ಕೆ ಕೂತ. ಮಗಳು ಕೂದಲು ಕೆದರಿಕೊಂಡೇ ಓಡಿ ಬಂದು ಅವನ ಎದುರು ಕೂತಳು, ಮುಖ ಕಾಣುವಂತೆ.

ಆಮೇಲೆ ಅವಳು ತನ್ನ ಮಂಚವನ್ನು ಹಲಗೆಗೆ ತಗುಲುವಂತೆ ಎಳೆದು, ಮಂಚದ ಕಾಲನ್ನು ಅದಕ್ಕೆ ಮೊಳೆ ಹೊಡೆದು ಬಿಗಿದಳು. ಅಪ್ಪ ಆಚೆ ಕಡೆ ಅದೇ ಹಲಗೆಗೆ ಬೆನ್ನು ಕೊಟ್ಟು ಕೂತ. ಇನ್ನು ಬಡಿಯುವುದು ಬೇಡ, ಅವಳು ಹೊರಳಿದರೆ ಬೆನ್ನಿಗೆ ತಿಳಿಯುತ್ತದೆ ಎಂದಾಯಿತು.

ಈಚೆ ಕತ್ತಲಿತ್ತು. ನಿದ್ದೆ ಹತ್ತಿರ ಬಂದಾಗ ಅವಳು ಮಗ್ಗುಲಾದಳು, ಮಂಚ ಕಿರುಗುಟ್ಟಿತು. ಆಚೆ ಬೆತ್ತ ಎಳೆಯುವ ಸದ್ದು ತುಸು ನಿಂತು, ಮತ್ತೆ ಸಾಗಿತು.