ಅಳುವ ಗೋಡೆಯ ವಿಡಿಯೋ

ಶ್ರದ್ಧಾ ಯಾವುದೇ ಮನೆಯೊಳಗೆ ಕಾಲಿಟ್ಟರೆ ಮೊದಲು ನೋಡುತ್ತಿದ್ದದ್ದು ಬಾಗಿಲ ಚೌಕಟ್ಟಿನ ಮೇಲಿನ ಮೂಲೆಯನ್ನು. ಸೊಲ್ಲಾಪುರದ ಸುತ್ತಮುತ್ತ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಗಟ್ಟಿಯಿಲ್ಲದಿದ್ದರೆ ಮೊದಲ ಬಿರುಕು ಆ ಮೂಲೆಯಿಂದಲೇ ಓರೆಯಾಗಿ ಹೊರಡುತ್ತದೆ. ಒಂಬತ್ತು ವರ್ಷ ಒಬ್ಬ ಬಿಲ್ಡರನ ಸೈಟುಗಳಲ್ಲಿ ಇಂಜಿನಿಯರಾಗಿ ಬಿಸಿಲು ತಿಂದು ಆಕೆ ಇದನ್ನೆಲ್ಲ ಕಲಿತಿದ್ದಳು. ಆ ನೌಕರಿ ಬಿಟ್ಟು, ಮನೆ ಕೊಳ್ಳುವವರ ಪರವಾಗಿ ಮನೆ ಪರೀಕ್ಷಿಸಿ ವರದಿ ಕೊಡುವ ಸ್ವಂತ ಉದ್ಯೋಗ ಶುರುಮಾಡಿದಾಗ ತನ್ನ ಕಣ್ಣಿನ ಬಗ್ಗೆ ಆಕೆಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಅನುಮಾನವಿದ್ದದ್ದು ಜನರಿಗೆ. ಫೋನು ಮಾಡಿದವರೆಲ್ಲ, "ವಾಸ್ತು ನೋಡ್ತೀರೇನ್ರಿ?" ಎಂದು ಕೇಳುತ್ತಿದ್ದರು. ಇಲ್ಲ, ಗೋಡೆ, ಸ್ಲ್ಯಾಬು, ವೈರಿಂಗು ನೋಡುತ್ತೇನೆ ಎಂದರೆ, "ಅದನ್ನ ನಾವs ನೋಡ್ತೀವಲ್ರಿ" ಎಂದು ಇಟ್ಟುಬಿಡುತ್ತಿದ್ದರು.

ಗಂಡ ಯೋಗಿರಾಜ ಮದುವೆಗಳ ವಿಡಿಯೋ ತೆಗೆಯುವವನು. "ಒಂದ ವಿಡಿಯೋ ಬಿಡೂಣು. ನೋಡಿದ್ರs ಜನಾ ನಂಬ್ತಾರ" ಎಂದ. ಅವನಿಗೆ ಬರುತ್ತಿದ್ದದ್ದು ಮದುವೆಯ ವಿಡಿಯೋ ಒಂದೇ. ಹಿನ್ನೆಲೆಗೆ ಶಹನಾಯಿ ಹಾಕಿದ, ಡ್ರೋನ್ ಹಾರಿಸಿದ, ರೇಷ್ಮೆ ಸೀರೆ ಉಟ್ಟ ಹೆಂಡತಿಯನ್ನು ಮೆಟ್ಟಿಲ ಮೇಲೆ ನಿಧಾನವಾಗಿ ಹತ್ತಿಸಿದ. ಅದನ್ನು ನೋಡಿ ಮೂವರು ಫೋನು ಮಾಡಿದರು. ಮೂವರಿಗೂ ತಮ್ಮ ಮನೆಯ ಲಗ್ನಕ್ಕೆ ವಿಡಿಯೋದವನು ಬೇಕಾಗಿತ್ತು.

"ಸನಾಯಿ ಬ್ಯಾಡ, ಸೀರಿ ಬ್ಯಾಡ," ಎಂದಳು ಶ್ರದ್ಧಾ. "ನಾ ನನ್ನ ಕೆಲಸ ಮಾಡ್ತೀನಿ. ನೀವು ಸುಮ್ಮನ ಹಿಂದ ಬರ್ರಿ."

ಮರುದಿನ ಹಳೆಯ ಚೂಡಿದಾರದಲ್ಲೇ ಖಾಲಿ ಮನೆಯೊಂದರ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಐದು ರೂಪಾಯಿ ನಾಣ್ಯದಿಂದ ಟೈಲ್ಸ್ ಬಡಿಯುತ್ತ ಮಾತಾಡಿದಳು. ಮನೆಯಲ್ಲಿ ಆಡುವ ಮಾತೇ, ಮರಾಠಿ ಬೆರೆತ ಕನ್ನಡ. "ಕೇಳ್ರಿ. ಇಲ್ಲಿ ಠಣ್ ಅಂತದ, ಇಲ್ಲಿ ಡಬ್ ಅಂತದ. ಡಬ್ ಅಂದಲ್ಲಿ ತಳಗ ಸಿಮೆಂಟಿಲ್ಲ, ಪೊಳ್ಳ ಅದ. ಮನಿ ತೊಗೊಳ್ಳೂ ಮುಂದ ಕಿಸೇದಾಗ ಒಂದ ನಾಣ್ಯಾ ಇಟಗೊಂಡ ಹೋಗ್ರಿ."

ಆ ವಿಡಿಯೋ ಊರಿಂದೂರಿಗೆ ಮೊಬೈಲಿನಲ್ಲೇ ಓಡಿತು. ತಿಂಗಳೊಳಗೆ ಆಕೆಗೆ ಕೈತುಂಬ ಕೆಲಸ.

ಹಾಗೆ ಬಂದವರಲ್ಲಿ ಬೋರಾಮಣಿಯ ರೈತ ಸಿದ್ದರಾಮಪ್ಪನೂ ಒಬ್ಬ. ಅವನ ತಾಯಿ ಗಂಗುಬಾಯಿಗೆ ಅಕ್ಕಲಕೋಟದಲ್ಲಿ ಯಾತ್ರಿಕರಿಗಾಗಿ ಖಾನಾವಳಿ ಹಾಕುವ ಹಂಬಲ. ಅದಕ್ಕಾಗಿ ಒಂದು ಮನೆ ನೋಡಿದ್ದರು. ಮೇ ತಿಂಗಳ ಬಿಸಿಲಲ್ಲಿ ಶ್ರದ್ಧಾ ಮನೆಯ ಮೂಲೆಮೂಲೆ ಪರೀಕ್ಷಿಸಿ, "ಮನಿ ಛಲೋ ಅದ, ತೊಗೋರಿ" ಎಂದು ಕ್ಯಾಮೆರಾದೆದುರೇ ಹೇಳಿದಳು. ಅವರು ಕೊಂಡರು.

ಜುಲೈಯಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಐದನೆಯ ದಿನ ಸಿದ್ದರಾಮಪ್ಪನ ಫೋನು ಬಂತು.

"ತಂಗಿ, ನೀ ಛಲೋ ಅಂದ ಗ್ವಾಡಿ ಅಳಾಕತ್ತದ. ಎರಡ ಚೀಲ ಜ್ವಾಳ ತೊಯ್ದಾವ."

ಶ್ರದ್ಧಾ ಅಂದೇ ಗಂಡನ ಜೊತೆ ಅಕ್ಕಲಕೋಟಕ್ಕೆ ಹೊರಟಳು. ಯೋಗಿರಾಜ ಕ್ಯಾಮೆರಾವನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ.

"ಇವತ್ತ ಬ್ಯಾಡ ಶ್ರದ್ಧಾ. ನೋಡ್ಕೊಂಡ ಸುಮ್ಮನ ಬರೂಣು."

"ತಗೀರಿ," ಎಂದಳು ಆಕೆ. "ಛಲೋ ಅಂದದ್ದನ್ನ ಊರಿಗೆಲ್ಲಾ ತೋರ್ಸೀವಿ. ತಪ್ಪಿದ್ದನ್ನ ಮುಚ್ಚಿಟ್ರ ನಾಳಿ ನನ್ನ ಮಾತ ಯಾರ ನಂಬ್ತಾರ?"

ಸಿದ್ದರಾಮಪ್ಪ ಬಾಗಿಲಲ್ಲಿ ನಿಂತಿದ್ದ. ಬರ್ರಿ ಎನ್ನಲಿಲ್ಲ, ಕೂಡ್ರಿ ಎನ್ನಲಿಲ್ಲ. ಗಂಗುಬಾಯಿ ಒಂದು ತಂಬಿಗೆ ನೀರು ಕೊಟ್ಟು ಒಳಕೋಣೆಯ ಗೋಡೆ ತೋರಿಸಿದಳು. ಸೊಂಟದೆತ್ತರದವರೆಗೆ ಸುಣ್ಣ ಹಪ್ಪಳದಂತೆ ಎದ್ದಿತ್ತು.

ಶ್ರದ್ಧಾ ಮಾಳಿಗೆ ಹತ್ತಿದಳು. ಇಳಿಜಾರು ಸರಿಯಿತ್ತು, ಎಲ್ಲಿಯೂ ನೀರು ನಿಂತಿರಲಿಲ್ಲ. ಮಳೆನೀರಿನ ಪೈಪು ಗೋಡೆಯ ಒಳಗಿನಿಂದಲೇ ಕೆಳಗಿಳಿದಿತ್ತು. ಪಕ್ಕದ ಟ್ಯಾಂಕಿನಿಂದ ಆ ಪೈಪಿನೊಳಗೆ ನೀರು ಬಿಟ್ಟು, ಕೆಳಗೆ ಬಂದು ಗೋಡೆಗೆ ಅಂಗೈ ಇಟ್ಟು ನಿಂತಳು. ಹತ್ತು ನಿಮಿಷಕ್ಕೆ ಕೈ ತಣ್ಣಗಾಯಿತು. ಇಪ್ಪತ್ತು ನಿಮಿಷಕ್ಕೆ ನೀರು ಬೆರಳ ಸಂದಿಯಿಂದ ಇಳಿಯಿತು. ಗೋಡೆಯೊಳಗೆ ಪೈಪಿನ ಜೋಡಣೆ ಬಿಟ್ಟಿತ್ತು.

ಒದ್ದೆ ಕೈಯನ್ನು ಒರೆಸಿಕೊಳ್ಳದೆ ಆಕೆ ಕ್ಯಾಮೆರಾದ ಕಡೆ ತಿರುಗಿದಳು. "ಮೇ ತಿಂಗಳದಾಗ ಇದs ಮನಿ ಛಲೋ ಅದ ಅಂತ ನಾನs ಹೇಳಿದ್ದೆ. ಪೈಪಿನ ಬಾಯಿ ನೋಡಿದ್ದೆ, ನೀರ ಬಿಟ್ಟ ನೋಡಿರ್ಲಿಲ್ಲ. ತಪ್ಪ ನಂದು. ಹೊಸಾ ಪೈಪ ಹೊರಗಿಂದ ಹಾಕ್ಸಿ ಕೊಡೂದೂ ನಂದು. ಇನ್ನ ಮ್ಯಾಲ ಅರ್ಧಾ ತಾಸ ನೀರ ಬಿಟ್ಟ ನೋಡದ ಯಾವ ಮನಿಗೂ ವರದಿ ಬರ್ಯಂಗಿಲ್ಲ."

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಗಂಗುಬಾಯಿ ಸೆರಗು ಸರಿಮಾಡಿಕೊಂಡು ನಡುವೆ ಬಂದು ನಿಂತಳು.

"ನಾನೂ ಒಂದ ಮಾತ ಹೇಳ್ತೀನಿ. ನಮ್ಮೂರಾಗ ಗ್ವಾಡಿ ಬಿದ್ರೂ ಕಟ್ಟಿದಾಂವ ತಿರುಗಿ ನೋಡಂಗಿಲ್ಲ. ಈಕಿ ಕರದ ದಿನಾನs ಬಂದಾಳ. ಬಂದು, ತಪ್ಪ ನಂದು ಅಂದಾಳ. ಈ ಮಾತ ಆಡೂ ಮಂದಿ ನಾ ಭಾಳ ಕಂಡಿಲ್ಲ." ಕ್ಯಾಮೆರಾದ ಕಡೆ ತಿರುಗಿ ಸೇರಿಸಿದಳು: "ಮತ್ತ ಅಕ್ಕಲಕೋಟಕ್ಕ ಬಂದ್ರ ಇಲ್ಲೇ ಉಣ್ಣಾಕ ಬರ್ರಿ. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಇರ್ತದ."

ಗೋಡೆಗೊರಗಿ ನಿಂತಿದ್ದ ಸಿದ್ದರಾಮಪ್ಪ ನಗು ತಡೆಯಲಾರದೆ ಮುಖ ತಿರುವಿದ. ಆಮೇಲೆ ತಾನೇ ಹೋಗಿ ಚಹಾಕ್ಕೆ ಹೇಳಿದ.

ವಿಡಿಯೋ ಹಾಕಿದ ಎರಡು ದಿನ ಕೆಟ್ಟದಾಗಿದ್ದವು. ತನ್ನ ಕೆಲಸವೇ ಬರಲಾರದಾಕೆ ಮಂದಿಗೆ ಏನು ಹೇಳುತ್ತಾಳೆ ಎಂದು ಕೆಲವರು ಕೆಳಗೆ ಬರೆದರು. ನಿಶ್ಚಯವಾಗಿದ್ದ ಎರಡು ಕೆಲಸಗಳೂ ತಪ್ಪಿದವು. ವಿಡಿಯೋ ಅಳಿಸಿಬಿಡೋಣವೇ ಎಂದು ಯೋಗಿರಾಜ ಕೇಳಿದ. ಶ್ರದ್ಧಾ ಬೇಡವೆಂದಳು. ಗಂಗುಬಾಯಿಯ ರೊಟ್ಟಿಯ ಮಾತನ್ನಾದರೂ ಕತ್ತರಿಸೋಣ ಎಂದ. ಅದಕ್ಕೂ ಒಪ್ಪಲಿಲ್ಲ. ಪ್ಲಂಬರನನ್ನು ಕರೆದುಕೊಂಡು ಅಕ್ಕಲಕೋಟಕ್ಕೆ ಹೋಗಿ, ಹೊಸ ಪೈಪು ಕೂರುವವರೆಗೆ ಅಲ್ಲೇ ನಿಂತಳು.

ಮೂರನೆಯ ದಿನ ಸೊಲ್ಲಾಪುರದ ಬಟ್ಟೆ ವ್ಯಾಪಾರಿ ಧರ್ಮರಾಜ ಫೋನು ಮಾಡಿದ. "ಎಲ್ಲಾರೂ ನಾವs ಹುಷಾರ ಅಂತಾರ್ರಿ. ತಪ್ಪ ಆದ್ರ ಯಾರ ಬರ್ತಾರ ಅನ್ನೂದ ನಾ ನೋಡಾಂವ. ನಾ ಒಂದ ಫ್ಲ್ಯಾಟ್ ತೊಗೋಬೇಕಾಗೇದ, ಯಾವತ್ತ ಬರ್ತೀರಿ?" ಅಲ್ಲಿಂದ ಫೋನು ನಿಲ್ಲಲೇ ಇಲ್ಲ. ಯಾತ್ರಿಕರು ಖಾನಾವಳಿ ಹುಡುಕಿಕೊಂಡು ಬಂದು, ವಿಡಿಯೋದ ಅಜ್ಜಿ ನೀವೇ ಏನು ಎಂದು ಗಂಗುಬಾಯಿಯನ್ನು ಕೇಳತೊಡಗಿದರು.

ಶ್ರಾವಣದಲ್ಲಿ ಕಂದಲಗಾಂವದ ಕಾಮಣ್ಣ ಬಂದ. ಅವನು ಕೊಳ್ಳುವವನಲ್ಲ, ಮಾರುವವನು. ತನ್ನ ಮನೆ ಪರೀಕ್ಷಿಸಿ ವಿಡಿಯೋ ಮಾಡಬೇಕು, ಅದನ್ನೇ ಗಿರಾಕಿಗಳಿಗೆ ತೋರಿಸುತ್ತೇನೆ ಎಂದ.

"ಕೆಟ್ಟದ್ದ ಕಂಡ್ರ ಅದನ್ನೂ ಹೇಳ್ತೀನಿ ಮತ್ತ, ಕಾಕಾ," ಎಂದಳು ಶ್ರದ್ಧಾ.

"ಹೇಳವಾ. ಅಡಗಿಮನಿ ಸ್ಲ್ಯಾಬ ಒಂದ ಕಡೆ ಸೋರ್ತದ, ಅದನ್ನs ಮೊದಲ ತೋರಿಸು. ಮನಿ ಕೊಟ್ಟ ಮ್ಯಾಲ ತೊಗೊಂಡಾಂವ ಎದುರ ಬಂದಾಗ ಮಾರಿ ತಪ್ಪಿಸ್ಕೊಂಡ ಅಡ್ಡ್ಯಾಡೂದ ನನಗ ಆಗಂಗಿಲ್ಲ."

ಶ್ರದ್ಧಾ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ, ಸೋಮವಾರ ಬೆಳಿಗ್ಗೆ ಎಂಟಕ್ಕೆ ಬರುವುದಾಗಿ ಹೇಳಿದಳು.