ಆರು ಕೋರಿನ ಹಠ

ಮನೆಯ ಮುಂಭಾಗದಲ್ಲಿ ಎಂಟಡಿ ಅಗಲದ ಒಂದು ಕೋಣೆ, ಅದರಲ್ಲೊಂದು ಮೇಜು, ಮೇಜಿನ ಕೆಳಗೆ ಹನ್ನೊಂದು ವರ್ಷ ದುಡಿದು ಬಸವಳಿದ ಕಂಪ್ಯೂಟರು. ಕಟ್ಟಡಗಳ ನಕ್ಷೆ ಬರೆದು ಬದುಕುವ ಆ ಹೆಂಗಸನ್ನು ಬೀದಿಯವರೆಲ್ಲ ನಕ್ಷೆಗಾರ್ತಿ ಎಂದೇ ಕರೆಯುತ್ತಿದ್ದರು. ಹಡಗಿನ ಯಂತ್ರಶಾಲೆಯಲ್ಲಿ ಕೆಲಸ ಮಾಡುವ ಗಂಡ ತಿಂಗಳುಗಟ್ಟಲೆ ದೂರವಿರುತ್ತಿದ್ದ. ಮನೆಯಲ್ಲಿ ಆಕೆ ಮತ್ತು ಅತ್ತೆ ಇಬ್ಬರೇ.

ಹತ್ತಿರದ ಶಾಲೆಯವರು ಒಂದು ಗ್ರಂಥಾಲಯ ಕಟ್ಟಿಸುವವರಿದ್ದರು. ನಕ್ಷೆ ಹಾಳೆಯ ಮೇಲೆ ಮಲಗಿದ್ದರೆ ಸಾಲದು, ಕಟ್ಟಡವು ಪರದೆಯ ಮೇಲೆ ಎದ್ದು ನಿಂತು ಸುತ್ತಲೂ ತಿರುಗಬೇಕು, ಅದೂ ಹೊಸ ಆವೃತ್ತಿಯ ತಂತ್ರಾಂಶದಲ್ಲೇ ಆಗಬೇಕು ಎಂಬುದು ಅವರ ನಿಬಂಧನೆ. ಶನಿವಾರದೊಳಗೆ ತೋರಿಸಿದರೆ ಕೆಲಸ ಆಕೆಗೆ; ಇಲ್ಲವಾದರೆ ಭಾವನ ಕಚೇರಿಗೆ. ಸೋಮವಾರ ಬೆಳಗ್ಗೆ ಆ ಹೊಸ ತಂತ್ರಾಂಶವನ್ನು ಹಾಕಲು ಹೋದರೆ, ಹಳೆಯ ಕಂಪ್ಯೂಟರು ಒಂದೇ ಒಂದು ವಾಕ್ಯ ತೋರಿಸಿ ಕೈಚೆಲ್ಲಿತು: ಈ ಪ್ರೊಸೆಸರಿನ ಮೇಲೆ ಇದು ನಡೆಯದು.

ಸುದ್ದಿ ಹೇಗೆ ಮುಟ್ಟಿತೋ, ಮಧ್ಯಾಹ್ನದೊಳಗೆ ಭಾವ ಬಾಗಿಲಲ್ಲಿದ್ದ. ಗಂಡನ ಅಣ್ಣ, ಇಪ್ಪತ್ತು ಮಂದಿ ದುಡಿಯುವ ಕಟ್ಟಡವಿನ್ಯಾಸದ ಕಚೇರಿಯ ಯಜಮಾನ.

"ನೋಡಮ್ಮ, ನಿನಗೋಸ್ಕರ ಹದಿನಾರು ಕೋರಿನ ಕಂಪ್ಯೂಟರ್ ತರಿಸಿದೀನಿ. ಪಕ್ಕದಲ್ಲಿ ಗಾಜು, ಒಳಗೆ ಬಣ್ಣಬಣ್ಣದ ದೀಪ. ಕುರ್ಚಿ ಖಾಲಿ ಇಟ್ಟಿದೀನಿ. ಬಂದು ಕೂತ್ಕೊಂಡ್ರೆ ಆಯ್ತು."

"ಚೌಕದಲ್ಲಿ ಯಾರ ಹೆಸರು ಭಾವ?"

"ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದೀಯಾ?"

"ನೀವು ಬಿಟ್ಟಿಲ್ವಲ್ಲ."

ಆ ಚೌಕದ ಕಥೆ ಇಷ್ಟು. ಪ್ರತಿಯೊಂದು ನಕ್ಷೆಯ ಬಲಗಡೆಯ ಕೆಳಮೂಲೆಯಲ್ಲಿ ‘ಬರೆದವರು’ ಎಂಬ ತಲೆಬರಹದ ಚಿಕ್ಕ ಚೌಕವೊಂದಿರುತ್ತದೆ. ಭಾವನ ಕಚೇರಿಯಲ್ಲಿ ಆಕೆ ಆರು ವರ್ಷ ನಕ್ಷೆ ಬರೆದಳು. ಆ ನಕ್ಷೆಗಳಿಂದ ಮನೆಗಳೆದ್ದವು, ಆಸ್ಪತ್ರೆಯೆದ್ದಿತು, ಒಂದು ಸೇತುವೆಯ ಕಾವಲುಗಾರನ ಗೂಡೂ ಎದ್ದಿತು. ಚೌಕದಲ್ಲಿ ಮಾತ್ರ ಪ್ರತಿಸಲವೂ ಭಾವನ ಹೆಸರೇ ಅಚ್ಚಾಯಿತು. ಕೇಳಿದಾಗ, "ಒಂದೇ ಮನೆಯವರು ತಾನೇ, ಯಾರ ಹೆಸರಿದ್ದರೇನು?" ಎಂದಿದ್ದ. "ಹಾಗಾದ್ರೆ ನನ್ನದೇ ಇರ್ಲಿ ಬಿಡಿ" ಎಂದು ಹೇಳಿ ಆಕೆ ಆ ದಿನವೇ ಕಚೇರಿಯ ಮೆಟ್ಟಿಲಿಳಿದಿದ್ದಳು.

ಗೋಡೆಗೊರಗಿ ಕುಳಿತಿದ್ದ ಅತ್ತೆ ಮಗನನ್ನು ಕೇಳಿದಳು: "ಹದಿನಾರು ಅಂದ್ಯಲ್ಲ, ಏನೋ ಅದು? ಕೈಯಾ, ಕಾಲಾ?"

"ಪ್ರೊಸೆಸರ್ ಅಂದ್ರೆ ಕಂಪ್ಯೂಟರಿನ ಮೆದುಳು ಕಣಮ್ಮ. ಕೋರು ಅಂದ್ರೆ ಅದರೊಳಗೆ ಲೆಕ್ಕ ಮಾಡೋ ಆಳು. ಹದಿನಾರು ಜನ ಒಟ್ಟಿಗೆ ಕೂತ ಹಾಗೆ."

"ಈ ಮನೇಲಿ ಒಬ್ಬಳೇ ದುಡಿಯೋದು. ಇಷ್ಟು ದಿನ ನಡೀಲಿಲ್ವಾ?"

ಭಾವ ನಕ್ಕು ಹೊರಟುಹೋದ. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಅಗ್ಗದ್ದು ತಗೊಂಡು ಶನಿವಾರ ಮಾನ ಕಳ್ಕೋಬೇಡ. ಆಮೇಲೆ ನಾನೇ ಬಂದು ಕರ್ಕೊಂಡು ಹೋಗ್ಬೇಕಾಗುತ್ತೆ" ಎಂದ.

ಆ ಮಾತು ಆಕೆಯ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಎರಡು ದಿನ ಆಕೆ ಬೇರೇನನ್ನೂ ಮಾಡದೆ ಪ್ರೊಸೆಸರುಗಳ ವಿಷಯವನ್ನೇ ಓದಿದಳು. ವ್ಯಾಖ್ಯಾನಸಹಿತವಾಗಿ ಶಾಸ್ತ್ರಗ್ರಂಥ ಓದುವವರಂತೆ, ಪದಪದಕ್ಕೂ ಅರ್ಥ ಬರೆದುಕೊಂಡು, ಪೂರ್ವಪಕ್ಷಕ್ಕೆಲ್ಲ ಉತ್ತರ ಹುಡುಕಿಕೊಂಡು. ಗುರುವಾರ ಬೆಳಗ್ಗೆ ಪೆನ್‌ಡ್ರೈವಿನಲ್ಲಿ ಗ್ರಂಥಾಲಯದ ಅರೆಬರೆ ನಕ್ಷೆಯನ್ನು ತುಂಬಿಕೊಂಡು, ತೀರಿಹೋದ ತಂದೆಯ ಕೈಗಡಿಯಾರವನ್ನು ಕಟ್ಟಿಕೊಂಡು, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗೆ ಹೊರಟಳು. "ನಾನೂ ಬರ್ತೀನಿ. ಮೆದುಳು ಮಾರೋ ಅಂಗಡಿ ನಾನೆಲ್ಲಿ ನೋಡಿದೀನಿ?" ಎಂದು ಅತ್ತೆಯೂ ಚಪ್ಪಲಿ ಮೆಟ್ಟಿದಳು.

ಅಂಗಡಿಯು ಮೂರನೆಯ ಮಹಡಿಯಲ್ಲಿತ್ತು. ನೆಲದಿಂದ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ನಡುವೆ ಒಬ್ಬರು ನಡೆಯುವಷ್ಟು ದಾರಿ. ಗಾಜಿನ ಮೇಜಿನ ಹಿಂದೆ, ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡ ಅಂಗಡಿಯವನು. ಆಕೆ ತನ್ನ ಕೆಲಸವನ್ನು ಹೇಳಿ ಮುಗಿಸುವ ಮೊದಲೇ ಅವನು ಹದಿನಾರು ಕೋರಿನ ಪೆಟ್ಟಿಗೆಯನ್ನು ತೆಗೆದಿಟ್ಟ.

"ನಕ್ಷೆ ಕೆಲಸಕ್ಕೆ ಇದಕ್ಕಿಂತ ಕಮ್ಮಿ ತಗೊಂಡ್ರೆ ಅಳ್ತೀರ ಮೇಡಂ."

"ನಾನು ಒಂದು ಗೋಡೆ ಎಳೆದಾಗ ಈ ಹದಿನಾರರಲ್ಲಿ ಎಷ್ಟು ಜನ ಎದ್ದು ಬರ್ತಾರೆ?"

ಅಂಗಡಿಯವನು ತಲೆ ಕೆರೆದುಕೊಂಡ.

"ಹೆಚ್ಚಂದ್ರೆ ಒಬ್ಬ," ಎಂದು ಆಕೆಯೇ ಹೇಳಿದಳು. "ಗೋಡೆ ಮೂಲೇಲಿ ಒಬ್ಬ ಮೇಸ್ತ್ರಿಗೆ ಮಾತ್ರ ಜಾಗ. ಹದಿನಾರು ಜನರನ್ನ ಕರೆದ್ರೆ ಉಳಿದ ಹದಿನೈದು ಜನ ಹರಟೆ ಹೊಡೀತಾರೆ. ನನಗೆ ಬೇಕಾಗಿರೋದು ಕೈಚುರುಕಿನ ಒಬ್ಬ. ಆರು ಕೋರಿನದ್ದು ತೋರಿಸಿ."

ಅವನು ಮನಸ್ಸಿಲ್ಲದ ಮನಸ್ಸಿನಿಂದ ಮತ್ತೊಂದು ಪೆಟ್ಟಿಗೆ ಇಟ್ಟ. "ಇದು ತುಂಬಾ ಅಗ್ಗ."

ಆಕೆ ಪೆಟ್ಟಿಗೆಯ ಬದಿಯ ಸಣ್ಣಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಳು. "ಇದರೊಳಗೆ ಪರದೆಗೆ ಚಿತ್ರ ಕಳಿಸೋ ಭಾಗವೇ ಇಲ್ವಲ್ಲ. ಮನೆಗೆ ಹೋಗಿ ಹಾಕಿದ್ರೆ ಬರೀ ಕತ್ತಲೆ. ಆಮೇಲೆ ಬೇರೆ ಕಾರ್ಡು ಬೇಕು ಅಂತ ನಿಮ್ಮ ಹತ್ರಾನೇ ಓಡಿ ಬರಬೇಕು, ಅಲ್ವಾ? ಆ ಭಾಗ ಒಳಗೇ ಇರೋ ಆರು ಕೋರಿನದ್ದು ಕೊಡಿ."

"ಓದ್ಕೊಂಡು ಬಂದಿದೀರ."

"ಓದ್ಕೊಂಡು ಮಾತ್ರ ಅಲ್ಲ, ನಕ್ಷೆ ತಗೊಂಡೂ ಬಂದಿದೀನಿ. ನೀವು ಪ್ರದರ್ಶನಕ್ಕಿಟ್ಟಿರೋ ಹದಿನಾರರದ್ದು, ಆರರದ್ದು, ಎರಡೂ ಕಂಪ್ಯೂಟರಲ್ಲಿ ತೆರೆದು ತೋರಿಸಿ."

"ಇದೇನು ತರಕಾರೀನಾ ಮೇಡಂ, ಹಿಚುಕಿ ನೋಡಿ ತಗೊಳೋಕೆ?"

ಅಷ್ಟರಲ್ಲಿ ಅತ್ತೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಆಸೀನಳಾಗಿದ್ದಳು. ಒಳಗೆ ಬರುವವರು ಆಕೆಯನ್ನು ಎಬ್ಬಿಸಬೇಕು, ಇಲ್ಲವೇ ದಾಟಬೇಕು. "ತೋರಿಸೋವರೆಗೂ ನನ್ನ ಮಂಡಿ ಏಳಲ್ಲಪ್ಪ" ಎಂದಳು. ಅಂಗಡಿಯವನು ಮೊದಲು ನಕ್ಕ, ಅನಂತರ ಹೊರಗೆ ನಿಂತ ಇಬ್ಬರು ಗಿರಾಕಿಗಳನ್ನು ಕಂಡು ಸೋತ. ಆದರೆ ಪೆನ್‌ಡ್ರೈವ್ ಚುಚ್ಚುವ ಮುನ್ನ ಒಂದು ಫೋನು ಮಾಡಿದ. ಭಾವನ ಕಚೇರಿಗೆ ಕಂಪ್ಯೂಟರು ಒದಗಿಸುವವನೂ ಅವನೇ ಎಂಬುದು ಆಕೆಗೆ ತಿಳಿದದ್ದು, ಭಾವ ಏದುಸಿರು ಬಿಡುತ್ತ ಮೂರನೆಯ ಮಹಡಿ ಹತ್ತಿ ಬಂದಾಗ.

"ಬಂದ್ಯಾ?" ಎಂದಳು ಅತ್ತೆ. "ನಿಂತ್ಕೊ. ಸ್ಟೂಲು ಒಂದೇ ಇರೋದು."

ಮೊದಲು ಹದಿನಾರರ ಸರದಿ. ಆಕೆ ಕೈಗಡಿಯಾರ ನೋಡುತ್ತ ನಿಂತಳು. ಗೋಡೆಗಳು ಬಂದವು, ಕಂಬಗಳು ಬಂದವು. ಛಾವಣಿಯ ಹತ್ತಿರ ಬಂದಾಗ ಪರದೆ ಕಲ್ಲಾಯಿತು. ಎರಡು ನಿಮಿಷ ಹತ್ತು ಸೆಕೆಂಡು. ಆಮೇಲೆ ಆರರ ಸರದಿ: ಎರಡು ನಿಮಿಷ ಹದಿನಾಲ್ಕು.

"ನಾಲ್ಕು ಸೆಕೆಂಡಿನ ಅಂತರ," ಎಂದಳು ಆಕೆ.

ಭಾವ ಜೋರಾಗಿ ನಕ್ಕ. "ಅಂತರ ಬಿಡಮ್ಮ. ಹದಿನಾರು ಕೋರನ್ನೂ ಮಂಡಿಯೂರಿಸಿದೆಯಲ್ಲ! ಶನಿವಾರ ಎರಡೆರಡು ನಿಮಿಷ ಕಲ್ಲಾಗಿ ನಿಂತ್ರೆ ಶಾಲೆಯವರು ಕಾಯ್ತಾರಾ? ತಪ್ಪು ಯಂತ್ರದ್ದಲ್ಲ, ನಿನ್ನ ಕೈಯದ್ದು."

ಆ ಕ್ಷಣ ಆಕೆಯ ಕಿವಿ ಬಿಸಿಯಾಯಿತು. ಅವಮಾನದಿಂದಲ್ಲ, ಭಾವ ತನಗರಿವಿಲ್ಲದೆ ನಿಜ ನುಡಿದಿದ್ದ. ಎರಡು ಯಂತ್ರಗಳೂ ಎಡವಿದ್ದು ಒಂದೇ ಜಾಗದಲ್ಲಿ, ಹೆಂಚಿನ ಛಾವಣಿಯಲ್ಲಿ. ಅಲ್ಲಿ ಹನ್ನೊಂದು ಸಾವಿರ ಹೆಂಚುಗಳಿದ್ದವು. ಒಂದೊಂದನ್ನೂ ಆಕೆ ಬೇರೆಬೇರೆಯಾಗಿ, ಅಂಚಿನ ತೋಡಿನ ಸಮೇತ ಎಳೆದಿದ್ದಳು. ಮಸಿಯ ಲೇಖನಿಯಿಂದ ನಕ್ಷೆ ಬರೆಯುತ್ತಿದ್ದ ತಂದೆಯಿಂದ ಬಂದ ವ್ರತವದು. ಬರೆಯದೆ ಬಿಟ್ಟ ಹೆಂಚಿನ ಕೆಳಗೇ ಮನೆ ಸೋರುತ್ತದೆ ಎಂದು ಹೇಳಿಕೊಟ್ಟವನು ಅವನು. ಬೇರೆ ಯಾವ ನಕ್ಷೆಗಾರನೂ ಮಾಡದ ತಪ್ಪನ್ನು ಆಕೆ ಭಕ್ತಿಯಿಂದ ಮಾಡಿದ್ದಳು.

"ಹೌದು ಭಾವ, ತಪ್ಪು ನನ್ನದೇ," ಎಂದಳು, ತಲೆ ತಗ್ಗಿಸದೆ. "ನನ್ನ ತಪ್ಪನ್ನ ನಾನೇ ತಿದ್ಕೋತೀನಿ. ಅದಕ್ಕೆ ಹದಿನಾರು ಜನ ಬೇಡ." ಅಂಗಡಿಯವನತ್ತ ತಿರುಗಿ, "ಆರು ಕೋರಿನ ಮುಂದಿನ ಕುರ್ಚಿ ಕೊಡಿ. ಕಾಲು ಗಂಟೆ" ಎಂದಳು.

ನಕ್ಷೆಯ ಒಂದೊಂದು ಅಂಗವನ್ನೂ ಬೇರೆ ಪದರದಲ್ಲಿಡುವುದು ಆಕೆಯ ಅಭ್ಯಾಸ. ಅದೂ ತಂದೆಯದೇ, ತೆಳುಹಾಳೆಗಳ ಕಾಲದ್ದು. ಆ ಅಭ್ಯಾಸ ಈಗ ಕೈಹಿಡಿಯಿತು. ಹೆಂಚಿನ ಪದರವನ್ನು ಒಂದೇ ಏಟಿಗೆ ಅಳಿಸಿದಳು. ಅಳಿಸುವಾಗ ಬೆರಳು ಅರೆಕ್ಷಣ ತಡೆಯಿತು. ಬಳಿಕ ಒಂದು ಹೆಂಚನ್ನು, ಒಂದನ್ನು ಮಾತ್ರ, ತೋಡು, ಅಂಚು, ಬಾಗು ಯಾವುದನ್ನೂ ಬಿಡದೆ ಎಳೆದಳು. ತಂದೆ ನೋಡಿದ್ದರೆ ಮೆಚ್ಚುವಂಥ ಹೆಂಚು. ಅದನ್ನು ಅಚ್ಚಿನಂತೆ ಹೆಸರಿಟ್ಟು ಉಳಿಸಿ, ಸಾಲುಸಾಲಾಗಿ ಹರಡಿಸಿದಳು. ಹನ್ನೊಂದು ಸಾವಿರವೂ ಇದ್ದವು, ಒಂದೂ ಕಮ್ಮಿಯಿಲ್ಲ. ಆದರೆ ಯಂತ್ರ ನೆನಪಿಡಬೇಕಾದದ್ದು ಒಂದೇ ಹೆಂಚು.

ಮತ್ತೆ ತೆರೆದರು. ಆರರಲ್ಲಿ ಒಂಬತ್ತು ಸೆಕೆಂಡು. ಹದಿನಾರರಲ್ಲಿ ಎಂಟೂವರೆ.

"ಅರ್ಧ ಸೆಕೆಂಡಿಗೆ ಇಷ್ಟೊಂದು ಬೆಲೆಯೇನಪ್ಪ?" ಎಂದು ಅತ್ತೆ ಸ್ಟೂಲಿನಿಂದಲೇ ಕೇಳಿದಳು. "ನನ್ನ ಮಗ ಕಣ್ಣು ಮಿಟುಕಿಸೋಕೇ ಅದಕ್ಕಿಂತ ಜಾಸ್ತಿ ಹೊತ್ತು ತಗೋತಾನೆ."

ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದಂತೆ ಮಾಡಿದ. ಭಾವ ಮಾತ್ರ ಪಟ್ಟು ಬಿಡಲಿಲ್ಲ. "ಇಷ್ಟು ಸಲೀಸಾದ್ರೆ ಹಳೇ ಕಂಪ್ಯೂಟರಲ್ಲೇ ಮಾಡು. ಇದೂ ಯಾಕೆ?"

"ಹಳೇದು ಹೊಸ ತಂತ್ರಾಂಶವನ್ನ ಬಾಗಿಲಿಗೇ ಸೇರಿಸಲ್ಲ ಭಾವ. ಬೇಕಾದ್ದನ್ನ ಬೇಡ ಅನ್ನೋಷ್ಟು ಜಿಪುಣಿ ಅಲ್ಲ ನಾನು. ಬೇಡದ್ದನ್ನ ಬೇಕು ಅನ್ನೋಷ್ಟು ದಡ್ಡಿಯೂ ಅಲ್ಲ."

ಆರು ಕೋರಿನ ಪ್ರೊಸೆಸರು, ಅದಕ್ಕೆ ಹೊಂದುವ ಮದರ್‌ಬೋರ್ಡು, ಹೊಸ ಬಗೆಯ ಮೆಮೊರಿ, ಇಷ್ಟೇ ಕೊಂಡಳು. ಹಳೆಯ ಪೆಟ್ಟಿಗೆ, ಡಿಸ್ಕು, ಪರದೆ ಇದ್ದೇ ಇದ್ದವು; ತಂಪುಗೊಳಿಸುವ ಫ್ಯಾನು ಪ್ರೊಸೆಸರಿನ ಜೊತೆಗೇ ಬಂತು. "ಜೋಡಿಸಿ ಕೊಡ್ಲಾ ಮೇಡಂ?" ಎಂದು ಈ ಸಲ ಅಂಗಡಿಯವನು ಮರ್ಯಾದೆಯಿಂದಲೇ ಕೇಳಿದ. ಬೇಡವೆಂದಳು.

ಶುಕ್ರವಾರ ಬೆಳಗಿನ ಬಿಸಿಲಿನಲ್ಲಿ ಕೈತೊಳೆದು, ಮೇಜನ್ನು ಒರೆಸಿ, ತಾನೇ ಜೋಡಿಸಲು ಕುಳಿತಳು. ಪ್ರೊಸೆಸರಿನ ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಚಿಕ್ಕ ತ್ರಿಕೋನದ ಗುರುತಿತ್ತು. ಅದು ಕೂರುವ ಜಾಗದಲ್ಲೂ ಅಂಥದೇ ಗುರುತು. ಮೂಲೆಗೆ ಮೂಲೆ ಕೂಡಿಸಿ, ಒತ್ತದೆ, ಹೂವು ಏರಿಸುವಷ್ಟು ಮೃದುವಾಗಿ ಇಳಿಬಿಟ್ಟಳು. ತನ್ನ ಜಾಗಕ್ಕೆ ಅದು ತಾನಾಗಿಯೇ ಕೂತಿತು. ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಪರದೆ ಬೆಳಗಿತು. "ಉಸಿರಾಡ್ತಿದೆ" ಎಂದಳು ಅತ್ತೆ.

ಶನಿವಾರ ಹತ್ತು ಗಂಟೆಗೆ ಶಾಲೆಯ ಮುಖ್ಯೋಪಾಧ್ಯಾಯಿನಿ ಬಂದಳು. ಬಂದದ್ದು ಭಾವನ ಕಾರಿನಲ್ಲಿ. ಭಾವನ ಕಂಕುಳಲ್ಲಿ ತನ್ನ ಕಚೇರಿಯ ನಕ್ಷೆಯ ಸುರುಳಿ ಸಿದ್ಧವಾಗಿತ್ತು. ಎಂಟಡಿಯ ಕೋಣೆಯಲ್ಲಿ ಮೂವರು ನಿಂತರೆ ನಾಲ್ಕನೆಯವರಿಗೆ ಹೊಸ್ತಿಲೇ ಗತಿ. ಭಾವ ಹೊಸ್ತಿಲಲ್ಲಿ ಉಳಿದ.

ಗ್ರಂಥಾಲಯ ಪರದೆಯ ಮೇಲೆದ್ದು ನಿಂತಿತು. ಮುಖ್ಯೋಪಾಧ್ಯಾಯಿನಿ ಬಹಳ ಹೊತ್ತು ನೋಡಿ, "ನಮ್ಮ ಮಕ್ಕಳು ನೆಲದ ಮೇಲೆ ಕೂತು ಓದೋರು. ಅವರಿಗೆ ಈ ಕಿಟಕಿಯಿಂದ ಏನು ಕಾಣುತ್ತೆ?" ಎಂದು ಕೇಳಿದಳು.

ಯಾರೂ ಕೇಳಿರದ ಪ್ರಶ್ನೆ. ನಕ್ಷೆಗಾರ್ತಿ ಪರದೆಯ ನೋಟವನ್ನು ನೆಲದಿಂದ ಎರಡಡಿ ಎತ್ತರಕ್ಕೆ ಇಳಿಸಿದಳು. ಕಂಡದ್ದು ಬರೀ ಗೋಡೆ. ಭಾವನ ಸುರುಳಿ ಸರಕ್ಕೆಂದಿತು.

"ಏನೂ ಕಾಣಲ್ಲ. ತಪ್ಪಾಯ್ತು. ಈಗಲೇ ತಿದ್ದಿ ತೋರಿಸ್ತೀನಿ."

ಕಿಟಕಿಯ ಕೆಳದಂಡೆಯನ್ನು ಇಳಿಸಿದಳು, ಸೂರಿನ ಅಂಚನ್ನು ಸ್ವಲ್ಪ ಎತ್ತಿದಳು. ಅದರೊಂದಿಗೆ ಹನ್ನೊಂದು ಸಾವಿರ ಹೆಂಚೂ ಎದ್ದವು, ಎಲ್ಲಿಯೂ ತಡವರಿಸದೆ. ಮಗುವಿನ ಕಣ್ಣಿನೆತ್ತರದಿಂದ ಅಂಗಳದ ಮರ ಬುಡದಿಂದ ತುದಿಯವರೆಗೆ ಕಂಡಿತು.

"ಇದೇ," ಎಂದಳು ಮುಖ್ಯೋಪಾಧ್ಯಾಯಿನಿ. "ಅಚ್ಚು ತೆಗೆದುಕೊಡಿ, ರುಜು ಹಾಕ್ತೀನಿ."

ನಕ್ಷೆಗಾರ್ತಿ ಬಲಗಡೆಯ ಕೆಳಮೂಲೆಗೆ ಹೋಗಿ ‘ಬರೆದವರು’ ಎಂಬ ಚೌಕದಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಹಾಳೆ ಪ್ರಿಂಟರಿನಿಂದ ಬೆಚ್ಚಗೆ ಹೊರಬಂತು. ಅತ್ತೆ ಅದನ್ನೆತ್ತಿ ಹಿರಿಯ ಮಗನ ಮೂಗಿನ ಮುಂದೆ ಹಿಡಿದಳು. "ನನಗೆ ಕನ್ನಡಕ ಇಲ್ಲ. ಮೂಲೇಲಿ ಏನು ಬರೆದಿದೆ, ಓದೋ."

ಭಾವ ಓದಿದ. ಗಟ್ಟಿಯಾಗಿ ಓದುವವರೆಗೂ ಅತ್ತೆ ಹಾಳೆಯನ್ನು ಇಳಿಸಲಿಲ್ಲ.

ಮುಖ್ಯೋಪಾಧ್ಯಾಯಿನಿ ರುಜು ಹಾಕಿ ಹೊರಟ ಮೇಲೂ ಭಾವ ಹೊಸ್ತಿಲಲ್ಲೇ ನಿಂತಿದ್ದ. "ಆ ಹದಿನಾರು ಕೋರಿನ ಮುಂದೆ ಕುರ್ಚಿ ಇನ್ನೂ ಖಾಲಿಯೇ ಇದೆ," ಎಂದ. ದನಿಯಲ್ಲಿ ಹಿಂದಿನ ಬಿಗಿ ಇರಲಿಲ್ಲ.

ನಕ್ಷೆಗಾರ್ತಿ ತಂದೆಯ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದಳು. ತಲೆಯೆತ್ತಿ ನೋಡಿದಳು. ಭಾವ ತನ್ನ ಕೈಯಿಂದ ಒಂದು ಗೆರೆ ಎಳೆದು ಹತ್ತು ವರ್ಷಗಳಾಗಿದ್ದವು.

"ಅದರಲ್ಲಿ ನೀವೇ ಕೂತ್ಕೊಳ್ಳಿ ಭಾವ. ಗೋಡೆ ಎಳೆಯೋದು ಮರೆತುಹೋಗಿದ್ರೆ ಇಲ್ಲಿಗೆ ಬನ್ನಿ, ಹೇಳಿಕೊಡ್ತೀನಿ. ನಮ್ಮಲ್ಲಿ ಸ್ಟೂಲು ಒಂದೇ ಇರೋದು. ಅತ್ತೆ ಎದ್ದಾಗ ಕೂರಬಹುದು."