ತಾತನನ್ನು ಕೇಳದೆ ತೆಗೆದ ಫೋಟೋ

ದಾನ ಕೇಳುವ ಕಷ್ಟ ಕೇಳಿದವರಿಗೇ ಗೊತ್ತು. ಕೆಲವರು ಕೂರಿಸಿ ಕಾಫಿ ಕೊಟ್ಟು ಕೈ ಖಾಲಿ ಅನ್ನುತ್ತಾರೆ. ಕೆಲವರು ದೂರದಿಂದ ನೋಡಿದ ಕೂಡಲೇ ಫೋನು ಕಿವಿಗಿಟ್ಟುಕೊಳ್ಳುತ್ತಾರೆ. ನಮ್ಮ ಕಾರ್ಯದರ್ಶಿಯಮ್ಮ ಇಂಥವರ ಮೆಟ್ಟಿಲನ್ನು ಹನ್ನೊಂದು ವರ್ಷದಿಂದ ಹತ್ತಿ ಇಳಿಯುತ್ತಿದ್ದಾರೆ. ಹಿರಿಯರ ಹಗಲು ಕೇಂದ್ರ ನಡೆಯುತ್ತಿರುವುದೇ ಅವರ ಓಡಾಟದಿಂದ. ಮನೆಯವರು ಕೆಲಸಕ್ಕೆ ಹೊರಟ ಮೇಲೆ ಮೂವತ್ತು ಮಂದಿ ವಯಸ್ಸಾದವರು ಇಲ್ಲಿಗೆ ಬರುತ್ತಾರೆ. ಊಟ ಮಾಡುತ್ತಾರೆ, ಹೊತ್ತಿಗೆ ಸರಿಯಾಗಿ ಔಷಧಿ ತೆಗೆದುಕೊಳ್ಳುತ್ತಾರೆ, ಕೇರಂ ಆಡುತ್ತಾ ಜಗಳವನ್ನೂ ಆಡುತ್ತಾರೆ, ಸಂಜೆ ಮನೆಗೆ ಹೋಗುತ್ತಾರೆ.

ಕಾರ್ಯದರ್ಶಿಯಮ್ಮನದು ಒಂದೇ ಹಟ. ಕೇಂದ್ರದ ನರ್ಸ್ ಎಷ್ಟು ಹೇಳಿದರೂ ಅದು ಕರಗುತ್ತಿರಲಿಲ್ಲ.

"ಅಕ್ಕ, ಇವರೆಲ್ಲ ನಗ್ತಾ ಇರೋ ಫೋಟೋನೇ ಹಾಕೋಣ. ಅವರನ್ನ ಒಂದ್ಮಾತು ಕೇಳಿ ಹಾಕೋಣ."

"ಅಳೋ ಮಗೂಗೇ ಹಾಲು ಸಿಸ್ಟರ್. ನಗೋ ಮುದುಕರನ್ನ ನೋಡಿ ಯಾರು ಕೈ ಬಿಚ್ತಾರೆ? ಕೇಳ್ತಾ ಕೂತ್ರೆ ತಲೆ ಬಾಚ್ಕೊಂಡು ಬಂದು ಕೂರ್ತಾರೆ. ಆಮೇಲೆ ಮದುವೆಮನೆ ಫೋಟೋ ಆಗತ್ತೆ ಅಷ್ಟೆ."

ಒಂದು ಮಧ್ಯಾಹ್ನ ಊಟದ ಕೋಣೆಯ ಕಿಟಕಿಯ ಬಳಿ ಗಡಿಯಾರದ ತಾತ ಒಬ್ಬರೇ ಕೂತಿದ್ದರು. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ್ದರಿಂದ ಅವರಿಗೆ ಆ ಹೆಸರು. ಕಣ್ಣು ಮುಚ್ಚಿತ್ತು, ಕೆನ್ನೆ ಮೇಲೆ ನೀರು ಇಳಿದಿತ್ತು. ಕಾರ್ಯದರ್ಶಿಯಮ್ಮನ ಕರುಳು ಚುರುಕ್ಕೆಂದಿತು. ಕೈಗೆ ಫೋನು ಬಂತು, ಫೋಟೋ ಆಯಿತು. ವಾರ ಕಳೆಯುವುದರೊಳಗೆ ಅದು ಪೋಸ್ಟರ್ ಆಗಿ ಬಸ್ ನಿಲ್ದಾಣದಲ್ಲಿ, ಮಾರುಕಟ್ಟೆಯಲ್ಲಿ, ಆಸ್ಪತ್ರೆಯ ಗೋಡೆಯಲ್ಲಿ ನಿಂತಿತು. ಕೆಳಗೆ ದಪ್ಪ ಅಕ್ಷರ: "ಮಕ್ಕಳು ಕೈಬಿಟ್ಟ ಈ ಜೀವಕ್ಕೆ ನೀವೇ ದಿಕ್ಕು."

ಹಟ ಗೆದ್ದಿತು ಅನ್ನಿಸಿದ್ದು ಬಟ್ಟೆ ಅಂಗಡಿಯ ಯಜಮಾನಿ ಫೋನು ಮಾಡಿದಾಗ. "ಆ ಅಜ್ಜನ ಮುಖ ಕಣ್ಣಿಂದ ಹೋಗ್ತಾನೇ ಇಲ್ಲ ಕಣ್ರಿ. ಊಟ ಸೇರ್ತಿಲ್ಲ. ನಿಮ್ಮ ಕೇಂದ್ರಕ್ಕೆ ಒಂದು ವ್ಯಾನ್ ಕೊಡಿಸ್ತೀನಿ." ನಡೆಯಲಾಗದೆ ಮನೆಯಲ್ಲೇ ಉಳಿದವರನ್ನು ಕರೆತರಲು ವ್ಯಾನ್ ಬೇಕೆಂದು ಕಾರ್ಯದರ್ಶಿಯಮ್ಮ ನಾಲ್ಕು ವರ್ಷದಿಂದ ಕನಸು ಕಂಡಿದ್ದರು. ಅವರಿಗೆ ಕುಣಿಯುವುದೊಂದು ಬಾಕಿ.

ಆ ಸಂತೋಷ ಅರ್ಧ ದಿನವೂ ಉಳಿಯಲಿಲ್ಲ. ಊಟದ ಹೊತ್ತಿಗೆ ಒಬ್ಬ ಹೆಂಗಸು ಕಚೇರಿಯ ಬಾಗಿಲು ದೂಡಿಕೊಂಡು ಬಂದಳು. ಮೈಮೇಲೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಸಮವಸ್ತ್ರ. ಕೈಯಲ್ಲಿ ಗೋಡೆಯಿಂದ ಕಿತ್ತ ಪೋಸ್ಟರ್, ಮೂಲೆಯಲ್ಲಿ ಇನ್ನೂ ಅಂಟು ಹಸಿಯಾಗಿತ್ತು. ಅದನ್ನು ಮೇಜಿನ ಮೇಲೆ ಬಡಿದಳು.

"ಇವರು ನಮ್ಮಪ್ಪ. ನಾನು ಯಾವಾಗ ಇವರ ಕೈಬಿಟ್ಟೆ, ಹೇಳಿ ಮೇಡಂ!"

ಕಾರ್ಯದರ್ಶಿಯಮ್ಮ ಪೋಸ್ಟರನ್ನು ತಮ್ಮ ಕಡೆ ಎಳೆದುಕೊಂಡರು. "ಹೆಸರು ಹಾಕಿಲ್ವಲ್ಲಮ್ಮ..."

"ಮುಖ ಹಾಕಿದ್ದೀರಲ್ಲ! ಇವತ್ತು ನನ್ನ ಕೌಂಟರ್ ಪಕ್ಕದಲ್ಲೂ ಅಂಟಿಸಿದ್ದಾರೆ. ಒಬ್ಬ ನನ್ ಕೈಯಿಂದಲೇ ಟಿಕೆಟ್ ಈಸ್ಕೊಂಡು, 'ಈ ಮುದುಕನ ಮಕ್ಕಳು ಹುಳ ಬಿದ್ದು ಸಾಯ್ಬೇಕು' ಅಂದ. ನನ್ ಮುಂದೇನೇ! ದಿನಾ ಬೆಳಿಗ್ಗೆ ಅಪ್ಪನ್ನ ಇಲ್ಲಿ ಬಿಟ್ಟು ಹೋಗೋದು ನಾನೇ ತಾನೆ? ನೀವು ನೋಡಿಲ್ವಾ?"

ನೋಡಿದ್ದರು. ದಿನವೂ ನೋಡಿ ಕೈಯನ್ನೂ ಬೀಸಿದ್ದರು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಕಾರ್ಯದರ್ಶಿಯಮ್ಮನಿಗೆ. ಬರೆಯುವಾಗ ಆ ಮಗಳು ನೆನಪಿಗೇ ಬಂದಿರಲಿಲ್ಲ. ಪೋಸ್ಟರಿನಲ್ಲಿ ಹೀಗೇ ಬರೆಯುವುದು ರೂಢಿ ಎಂದು ಬರೆದಿದ್ದರು.

ಗಲಾಟೆ ಕೇಳಿ ನರ್ಸ್ ಓಡಿ ಬಂದಳು. ಪೋಸ್ಟರನ್ನು ಮೊದಲ ಸಲ ಹತ್ತಿರದಿಂದ ನೋಡಿ ಅಲ್ಲೇ ನಿಂತಳು.

"ಅಕ್ಕ, ಇದು ಮಧ್ಯಾಹ್ನ ತೆಗೆದಿದ್ದಲ್ವಾ?"

"ಹೌದು. ಒಬ್ಬರೇ ಕೂತು ಅಳ್ತಿದ್ರು."

"ಅಳ್ತಿರ್ಲಿಲ್ಲ ಅಕ್ಕ. ಅದು ನಾನು ಹಾಕಿದ ಡ್ರಾಪ್ಸು. ಕಣ್ಣಿನ ಆಪರೇಷನ್ ಆಗಿದೆಯಲ್ಲ. ಹಾಕಿದ ಮೇಲೆ ಎರಡು ನಿಮಿಷ ಕಣ್ಣು ಮುಚ್ಕೊಂಡಿರಿ ಅಂತ ನಾನೇ ಕೂರಿಸಿದ್ದೆ."

ಕಾರ್ಯದರ್ಶಿಯಮ್ಮ ಪೋಸ್ಟರಿನ ಕಣ್ಣುಗಳನ್ನು ಮತ್ತೆ ನೋಡಿದರು. ಊರೆಲ್ಲ ಮರುಗಿದ್ದು ಕಣ್ಣಿನ ಔಷಧಿಗೆ! ಅಷ್ಟರಲ್ಲಿ ಮಗಳ ದನಿ ಇಳಿಯಿತು.

"ಸಿಸ್ಟರ್, ಮಾರುಕಟ್ಟೇಲಿ ಈ ಪೋಸ್ಟರ್ ನೋಡಿದ ಮೇಲೆ ಅಪ್ಪ ನಾಲ್ಕು ದಿನದಿಂದ ಡ್ರಾಪ್ಸ್ ಮುಟ್ಟೋಕೆ ಬಿಡ್ತಿಲ್ಲ. ಈ ಹನಿಯಿಂದಲೇ ಮಾನ ಹೋಯ್ತು ಅಂತ ಬಾಟ್ಲಿ ಎಸೆದ್ರು. ಇಲ್ಲಿಗೂ ಬರಲ್ಲ ಅಂತಾರೆ. ಕಣ್ಣು ಕೆಂಪಗಾಗಿದೆ."

"ನಾಲ್ಕು ದಿನವಾ?" ನರ್ಸ್ ಕೇಂದ್ರದಲ್ಲಿ ತಾತನಿಗೆಂದು ಇಟ್ಟಿದ್ದ ಇನ್ನೊಂದು ಬಾಟ್ಲಿಯನ್ನು ಬೀರುವಿನಿಂದ ತೆಗೆದುಕೊಂಡಳು. "ಬರದಿದ್ದಕ್ಕೆ ಜ್ವರ ಅಂತ ಫೋನಲ್ಲಿ ಅಂದ್ರಿ ಅಂತ ಸುಮ್ನಿದ್ನಲ್ಲ! ಆಪರೇಷನ್ ಆದ ಕಣ್ಣಮ್ಮ ಅದು. ಡಾಕ್ಟರು ಹೇಳೋ ಮೊದಲು ಹನಿ ನಿಲ್ಲಿಸಬಾರದು. ನೋಟಾನೇ ಹೋಗಬಹುದು. ಏಳಿ, ಈಗ್ಲೇ ಹೋಗೋಣ."

ಮೂವರೂ ಹೊರಟರು. ಮನೆ ಎರಡು ಕೋಣೆಯದು. ಕಿಟಕಿಯ ಕೆಳಗೆ ಸಣ್ಣ ಮೇಜು, ಅದರ ಮೇಲೆ ಚಿಮಟ, ಬೆರಳುದ್ದದ ಸ್ಕ್ರೂಡ್ರೈವರುಗಳು, ಮುಚ್ಚಳ ತೆಗೆದ ಒಂದು ಕೈಗಡಿಯಾರ. ತಾತ ಬಲಗಣ್ಣಿಗೆ ಕರ್ಚೀಫು ಒತ್ತಿಕೊಂಡು ಮಂಚದ ಮೇಲೆ ಕೂತಿದ್ದರು. ಕಾರ್ಯದರ್ಶಿಯಮ್ಮನನ್ನು ನೋಡಿದ್ದೇ ಗೋಡೆ ಕಡೆ ತಿರುಗಿದರು.

"ತಾತ, ತಪ್ಪಾಯ್ತು."

"ನನ್ನ ಒಂದ್ಮಾತು ಕೇಳ್ಬೋದಿತ್ತಲ್ಲಮ್ಮ."

"ಒಳ್ಳೇದಕ್ಕೇ ಮಾಡಿದ್ದು ತಾತ. ಎಲ್ಲರಿಗೂ ಅನುಕೂಲ ಆಗ್ಲಿ ಅಂತ..."

"ಗಡಿಯಾರ ಬಿಚ್ಚೋ ಮುಂಚೆ ಅದರ ಯಜಮಾನನ್ನ 'ಬಿಚ್ಚಲಾ' ಅಂತ ಕೇಳಿಯೇ ಬಿಚ್ತಿದ್ದೆ. ಐವತ್ತು ವರ್ಷ! ನನ್ ಮುಖ ಒಂದು ಗಡಿಯಾರಕ್ಕಿಂತ ಕಡೆಯಾಯ್ತಾ? ಹಾಕಿದ್ದು ನನ್ ಮುಖ, ಉಗಿಸ್ಕೊಂಡಿದ್ದು ನನ್ ಮಗಳು. ಅವಳಿಗೆ ನಾನೇನು ಹೇಳ್ಲಿ?"

ಕಾರ್ಯದರ್ಶಿಯಮ್ಮನಿಗೆ ಅಳು ಬಂತು. ಯಾರಾದರೂ ಈಗ ಅದರ ಫೋಟೋ ತೆಗೆದರೆ ಹೇಗಿರುತ್ತದೆ ಎಂದು ಅನ್ನಿಸಿ ಕಣ್ಣೊರೆಸಿಕೊಂಡರು.

"ಎಲ್ಲ ಪೋಸ್ಟರೂ ನಾನೇ ಕಿತ್ತು ಹಾಕ್ತೀನಿ ತಾತ. ಈಗ ಹನಿ ಹಾಕಿಸ್ಕೊಳ್ಳಿ, ಆಸ್ಪತ್ರೆಗೆ ಹೋಗೋಣ."

"ಕೀಳೋದು ಇರ್ಲಿ. ವ್ಯಾನ್ ಕೊಡಿಸ್ತೀನಿ ಅಂದ ಆ ತಾಯಿಗೆ ನಿಜ ಹೇಳಿ. ನನ್ ಮಗಳು ನನ್ನ ಬಿಟ್ಟಿಲ್ಲ ಅಂತ ಹೇಳಿ. ನನ್ ಕಿವಿಗೆ ಬೀಳ್ಬೇಕು. ಆಮೇಲೆ ಹನಿ."

ವ್ಯಾನಿನ ಸುದ್ದಿ ಕೇಂದ್ರದ ಗೆಳೆಯರ ಫೋನಿನಿಂದ ಆಗಲೇ ತಾತನನ್ನು ಮುಟ್ಟಿತ್ತು. ಕಾರ್ಯದರ್ಶಿಯಮ್ಮ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದರು. ನಿಜ ಹೇಳಿದರೆ ವ್ಯಾನ್ ಹೋಯಿತು. ಹೇಳದಿದ್ದರೆ ತಾತನ ಕಣ್ಣು. ನರ್ಸ್ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಅಕ್ಕ, ಸುಳ್ಳಿಗೆ ಮರುಗಿದ ದಾನಿ ನಿಜ ಗೊತ್ತಾದ ದಿನ ಹೋಗೇ ಹೋಗ್ತಾರೆ. ಬೇರೆಯವರ ಬಾಯಿಂದ ಗೊತ್ತಾಗೋ ಬದಲು ನೀವೇ ಹೇಳಿ."

ಕಾರ್ಯದರ್ಶಿಯಮ್ಮ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದರು. ಒಂದೂ ಬಿಡದೆ ಹೇಳಿದರು.

"ಅಂದ್ರೆ ನಾನು ಅತ್ತಿದ್ದು ಡ್ರಾಪ್ಸ್ ನೋಡಿನಾ?" ಯಜಮಾನಿಯ ದನಿ ಒಡೆದಿತ್ತು. "ಸಿಕ್ಕ ಸಿಕ್ಕವರ ಹತ್ರ ಆ ಮಕ್ಕಳನ್ನ ಬೈದೆನಲ್ರೀ! ಮುಂಚೆ ನೀವು ದಾನ ಕೇಳಿ ಕಳಿಸಿದ ಪತ್ರಗಳಲ್ಲಿ ಎಷ್ಟು ನಿಜ ಇತ್ತೋ? ವ್ಯಾನ್ ಮಾತು ಈಗ ಬೇಡ." ಫೋನು ಕಟ್ಟಾಯಿತು.

ಕಾರ್ಯದರ್ಶಿಯಮ್ಮ ಫೋನನ್ನು ಚೀಲಕ್ಕೆ ಹಾಕಿದರು. ನಾಲ್ಕು ವರ್ಷದ ಕನಸು ನಾಲ್ಕು ಮಾತಿಗೆ ಮುಗಿದಿತ್ತು. ತಾತ ಈಗ ಗೋಡೆ ಬಿಟ್ಟು ಇತ್ತ ತಿರುಗಿದರು. ಕರ್ಚೀಫು ತೆಗೆದು ತಲೆ ಹಿಂದಕ್ಕೆ ವಾಲಿಸಿದರು.

"ಹಾಕಮ್ಮ ಸಿಸ್ಟರ್."

ಅಂದೇ ಸಂಜೆ ಕಣ್ಣಿನ ಡಾಕ್ಟರು ನೋಡಿ ಗದರಿದರು, "ಇನ್ನೆರಡು ದಿನ ಬಿಟ್ಟಿದ್ರೆ ನಾನೂ ಏನೂ ಮಾಡೋಕಾಗ್ತಿರ್ಲಿಲ್ಲ." ಕಣ್ಣು ಉಳಿಯಿತು. ಮಗಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಕಾರ್ಯದರ್ಶಿಯಮ್ಮ ಕುಡಿಯಲು ನೀರು ತಂದುಕೊಟ್ಟು ಪಕ್ಕದಲ್ಲಿ ಕೂತರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಗಿತ್ತು ಅವರ ಸ್ಥಿತಿ.

ಮರುದಿನ ಏಣಿ ಹತ್ತಿ ಪೋಸ್ಟರುಗಳನ್ನೆಲ್ಲ ಅವರೇ ಕೆರೆದು ತೆಗೆದರು. ಎಲ್ಲ ದಾನಿಗಳಿಗೂ ಪತ್ರ ಬರೆದು ತಪ್ಪೊಪ್ಪಿಕೊಂಡರು. ಇಬ್ಬರು ದಾನ ನಿಲ್ಲಿಸಿದರು, ಅದೂ ನಿಜ. ಒಂದು ತಿಂಗಳು ಬಿಟ್ಟು ತಾತ ತಾವೇ ಹೊಸ ಕರಪತ್ರಕ್ಕೆ ಒಪ್ಪಿದರು. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು, ತಲೆಯನ್ನೂ ಬಾಚಿಕೊಂಡಿದ್ದರು. ಬರಹ ಅವರೇ ಹೇಳಿ ಬರೆಸಿದ್ದು: "ಮಗಳು ಕೆಲಸಕ್ಕೆ ಹೋಗ್ತಾಳೆ. ಹಗಲು ನಾನು ಇಲ್ಲಿರ್ತೀನಿ. ಮಧ್ಯಾಹ್ನದ ಔಷಧಿ ಇಲ್ಲಿ ತಪ್ಪಲ್ಲ." ಅಚ್ಚಿಗೆ ಹೋಗುವ ಮೊದಲು ಮಗಳು ಎರಡು ಸಲ ಓದಿದಳು. "ಈಗ ಸರಿ. ಇದನ್ನ ನನ್ ಕೌಂಟರಿಗೆ ನಾನೇ ಅಂಟಿಸ್ತೀನಿ," ಎಂದಳು.

ಬಟ್ಟೆ ಅಂಗಡಿಯ ಯಜಮಾನಿ ಅದನ್ನು ಓದಿ ಒಂದು ಮಧ್ಯಾಹ್ನ ಹೇಳದೆ ಕೇಳದೆ ಕೇಂದ್ರಕ್ಕೆ ಬಂದರು. ಎಲ್ಲರ ಜೊತೆ ಊಟಕ್ಕೆ ಕೂತರು. ಹೋಗುವಾಗ ಕಾರ್ಯದರ್ಶಿಯಮ್ಮನಿಗೆ, "ವ್ಯಾನ್ ವಿಷಯ ಆಮೇಲೆ ನೋಡೋಣ. ನಾನು ಆಗಾಗ ಬರ್ತಿರ್ತೀನಿ," ಅಂದರು. ವ್ಯಾನ್ ಇನ್ನೂ ಬಂದಿಲ್ಲ. ಯಜಮಾನಿ ವಾರಕ್ಕೊಮ್ಮೆ ಬರುತ್ತಿದ್ದಾರೆ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಸಂಘವೂ ಹಿರಿಯರಿಗಾಗಿ ಕೈಚಾಚುತ್ತಿರಬಹುದು. ಚಾಚಿ, ಅದರಲ್ಲಿ ನಾಚಿಕೆಯಿಲ್ಲ. ಆದರೆ ಫೋಟೋ ತೆಗೆಯುವ ಮೊದಲು ಅವರನ್ನು ಕೇಳಿ. ಏನು ಬರೆಯುತ್ತೀರಿ, ಎಲ್ಲಿ ಹಾಕುತ್ತೀರಿ ಎಂದು ಓದಿ ಹೇಳಿ. ಮೊದಲು ಒಪ್ಪಿ ಆಮೇಲೆ ಬೇಡ ಅಂದರೂ ತೆಗೆದುಬಿಡಿ. ದಾನ ಕೊಡುವವರೇ, ಕಣ್ಣೀರಿನ ಚಿತ್ರ ಬಂದಾಗ ನೀವೂ ಒಂದು ಮಾತು ಕೇಳಿ: "ಇವರು ಒಪ್ಪಿದ್ದಾರಾ?"

ಹಿರಿಯರು ಫೋಟೋ ಬೇಡ ಅಂದರೆ ಬೇಸರ ಬೇಡ. ಫೋನು ಜೇಬಿಗೆ ಹಾಕಿ, ಪಕ್ಕದ ಕುರ್ಚಿ ಎಳೆದುಕೊಂಡು ಕೂತು ಮಾತಾಡಿಸಿ.